ನಾನು ಬರೆದ ಏಳನೆಯ ನಿಯಮ

ನಲವತ್ತು ದಾಟಿದ ಮೇಲೆ ಮನುಷ್ಯರಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮೊಣಕಾಲು ನೋವು, ಕೆಲವರಿಗೆ ಭಜನಾ ಮಂಡಳಿ. ನನಗೆ ಓದು ಅಂಟಿಕೊಂಡಿತು. ಸಕ್ಕರೆ ಕಾಯಿಲೆಯವರನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ, ಚಹಾಕ್ಕೆ ಸಕ್ಕರೆ ಹಾಕದೆ ಕೊಡುತ್ತಾರೆ. ಈ ವಯಸ್ಸಿನಲ್ಲಿ ಪುಸ್ತಕ ಹಿಡಿದವಳಿಗೆ ಚಹಾ ಕೊಡುವವರೂ ಇಲ್ಲ, ಅವಳೇ ಎದ್ದು ಎಲ್ಲರಿಗೂ ಮಾಡಿಕೊಡಬೇಕು.

ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಕೂತವಳು. ಚೀಟಿ ಬರೆಯುವುದು, ಹೆಸರು ಕೂಗುವುದು, "ಡಾಕ್ಟರ್ ಬಂದಾರೇನ್ರಿ?" ಎಂದು ಯಾರಾದರೂ ಕೇಳಿದರೆ, ಅವರು ಮನೆಯಲ್ಲಿ ಇನ್ನೂ ಹಲ್ಲುಜ್ಜುತ್ತಿದ್ದರೂ, "ದಾರ್ಯಾಗ ಅದಾರ್ರಿ" ಎನ್ನುವುದು, ಇಷ್ಟು ನನ್ನ ವಿದ್ಯೆ. ಒಂದು ದಿನ ಡಾಕ್ಟರು ನನ್ನನ್ನು ಕರೆದು, "ಸುಮಿತ್ರಾ, ಮ್ಯಾಲ ಇನ್ನೊಂದು ಮಜಲಿ ಕಟ್ಟಾಕತ್ತೇವಿ. ಎಲ್ಲಾ ನೋಡ್ಕೊಳ್ಳಾಕ ಒಬ್ರು ಮ್ಯಾನೇಜರ್ ಬೇಕು. ನೀವ ಆಗಬಹುದು. ಆದ್ರ ಗ್ವಾಡಿಗೆ ತೂಗು ಹಾಕಾಕ ಒಂದು ಸರ್ಟಿಫಿಕೇಟ್ ಬೇಕಲ್ಲ?" ಎಂದರು. ಹದಿನಾಲ್ಕು ವರ್ಷ ಕೂತು ಸವೆಸಿದ ಕುರ್ಚಿಯನ್ನು ಗೋಡೆಗೆ ತೂಗುಹಾಕಲು ಬರುವುದಿಲ್ಲವಾದ್ದರಿಂದ, ನಾನು ಆರೋಗ್ಯ ಸೇವಾ ಆಡಳಿತದ ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ.

ಪುಸ್ತಕಗಳು ಬಂದ ದಿನ ನಮ್ಮ ಅತ್ತೆ ಗೌರವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಹುನ್ನೂರಿನ ದೊಡ್ಡ ಮನೆತನದಿಂದ ಬಂದವರು, ಎಪ್ಪತ್ತೆರಡರ ವಯಸ್ಸು, ದನಿ ಮಾತ್ರ ಮೂವತ್ತರದು. "ದವಾಖಾನಿ ನಡಸಾಕೂ ಸಾಲಿ ಐತೇನ? ನಾ ಹದಿನೆಂಟ ಮಂದಿ ಮನಿ ನಡಸೇನಿ. ಯಾವ ಸಾಲಿಗೆ ಹೋಗಿದ್ದೆ?" ಎಂದು ಮೊರವನ್ನು ಒಮ್ಮೆ ಜೋರಾಗಿ ಕುಟ್ಟಿದರು. ಹೈಸ್ಕೂಲ್ ಮಾಸ್ತರರಾದ ನನ್ನ ಗಂಡ ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದುಕೊಂಡರು.

ಆ ಪುಸ್ತಕಗಳ ವಿಶೇಷವೆಂದರೆ ಅವುಗಳಲ್ಲಿ ಯಾರಿಗೂ ರೋಗವಿರಲಿಲ್ಲ. ರೋಗಿ ಎಂಬ ಶಬ್ದವೇ ಇಲ್ಲ. 'ಸೇವಾ ಗ್ರಾಹಕ' ಎಂದಿತ್ತು. ಗ್ರಾಹಕ ಬಾಗಿಲಿನಿಂದ ಬರುತ್ತಾನೆ, ಒಂದು ಬಾಣದ ಗುರುತು. ನೋಂದಣಿ, ಮತ್ತೊಂದು ಬಾಣ. ತಪಾಸಣೆ, ಮತ್ತೊಂದು ಬಾಣ. ಸಂತೃಪ್ತನಾಗಿ ಹೊರಗೆ ಹೋಗುತ್ತಾನೆ. ನಮ್ಮಲ್ಲಿ ಬೀಳಗಿಯ ಬಸ್ಸಿನಿಂದ ಇಳಿದು ಬರುವ ಗ್ರಾಹಕಿಯ ಮೊದಲ ಬಾಣ ನನ್ನ ಕಡೆಗೇ ತಿರುಗುತ್ತದೆ: "ನೀವು ಯಾರ ಪೈಕಿ ಆಗಬೇಕ್ರಿ?" ಆ ಸಂಬಂಧ ಬಗೆಹರಿದ ಮೇಲೆ ಅವಳು ಚಹಾಕ್ಕೆ ಹೋಗುತ್ತಾಳೆ, ಬರುತ್ತಾಳೆ, ಹಳೆಯ ಫೈಲು ಬಸ್ಸಿನಲ್ಲೇ ಉಳಿದದ್ದು ನೆನಪಾಗಿ ಮತ್ತೆ ಓಡುತ್ತಾಳೆ. ಇಷ್ಟು ಬಾಣ ಬಿಡಿಸಲು ಪುಸ್ತಕದಲ್ಲಿ ಜಾಗವಿರಲಿಲ್ಲ. ಆದರೂ ನಾನು ಪುಸ್ತಕವನ್ನೇ ನಂಬಿದೆ. ಓದು ತಲೆಗೆ ಹತ್ತುವ ಲಕ್ಷಣವೇ ಅದು. ಕಣ್ಣೆದುರಿನ ಬೀಳಗಿಯ ಹೆಣ್ಣುಮಗಳು ತಪ್ಪಾಗಿ ಕಾಣತೊಡಗುತ್ತಾಳೆ, ಪುಸ್ತಕದ ಬಾಣದ ಚಿತ್ರ ಸರಿಯಾಗಿ ಕಾಣತೊಡಗುತ್ತದೆ.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಾಗಿತ್ತು. ನಾನು ಆರಿಸಿಕೊಂಡ ವಿಷಯ 'ಸಂದರ್ಶಕರ ನಿಯಂತ್ರಣ'. ನಮ್ಮ ಕಡೆ ಒಬ್ಬರು ಮಂಚದ ಮೇಲೆ ಮಲಗಿದರೆ ಮಂಚದ ಸುತ್ತ ಹನ್ನೊಂದು ಜನ ಕೂರುತ್ತಾರೆ, ಮಂಚದ ಕೆಳಗೆ ಇಬ್ಬರು ಮಲಗುತ್ತಾರೆ. ಬೆಲ್ಲದ ಪೇಟೆ ಮಹಾಲಿಂಗಪುರದವರು ಬಂದರೆ ನರ್ಸುಗಳ ಕೈಗೆಲ್ಲ ಬೆಲ್ಲದ ಅಂಟು. ಬನಹಟ್ಟಿಯವರೊಬ್ಬರು ಅಪೆಂಡಿಕ್ಸಿಗೆ ದಾಖಲಾದಾಗ ಅದೇ ವಾರ್ಡಿನಲ್ಲಿ ಅವರ ತಂಗಿಗೆ ವರ ನೋಡುವ ಕಾರ್ಯವೂ ಮುಗಿದುಹೋಗಿತ್ತು. ನಾನು ಡಾಕ್ಟರರ ಒಪ್ಪಿಗೆ ಪಡೆದು ಒಂಬತ್ತು ನಿಯಮ ಬರೆದೆ. ಒಬ್ಬ ರೋಗಿಗೆ ಒಂದೇ ಹಳದಿ ಪಾಸು. ಪಾಸು ಇದ್ದವರು ಮಾತ್ರ ಒಳಗೆ. ನಾನು ತೀರಾ ಹೆಮ್ಮೆಪಟ್ಟದ್ದು ಏಳನೆಯ ನಿಯಮಕ್ಕೆ: 'ಸಿಬ್ಬಂದಿಯ ಸಂಬಂಧಿಕರು ದಾಖಲಾದಾಗ ಆ ಸಿಬ್ಬಂದಿಯನ್ನು ಸಿಬ್ಬಂದಿಯೆಂದು ಪರಿಗಣಿಸತಕ್ಕದ್ದಲ್ಲ, ಸಂಬಂಧಿಕರೆಂದೇ ಪರಿಗಣಿಸತಕ್ಕದ್ದು.' ಇದನ್ನು ಓದಿದ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಗೇಟಿಗೆ ಸಂಗಪ್ಪ ಇದ್ದರು. ಸೈನ್ಯದಿಂದ ನಿವೃತ್ತರಾಗಿ ಬಂದವರು. ಒಂಬತ್ತೂ ನಿಯಮ ಒಂದೇ ಸಂಜೆಗೆ ಬಾಯಿಪಾಠ ಮಾಡಿದರು. ಒಂದೇ ವಾರದಲ್ಲಿ ವಾರ್ಡು ಎಷ್ಟು ಖಾಲಿಯಾಯಿತೆಂದರೆ, ರೋಗಿಗಳು ಬೇಸರಕ್ಕೆ ಒಬ್ಬರ ರೋಗ ಒಬ್ಬರಿಗೆ ಹೇಳಿಕೊಳ್ಳತೊಡಗಿದರು. ಡಾಕ್ಟರು ಖುಷಿಯಾದರು. ನಾನು ಪ್ರಾಜೆಕ್ಟಿನಲ್ಲಿ 'ಗಮನಾರ್ಹ ಸುಧಾರಣೆ' ಎಂದು ಬರೆದು ಅಡಿಗೆರೆ ಎಳೆದೆ.

ಅಡಿಗೆರೆಯ ಮಸಿ ಆರುವುದರೊಳಗೆ ನಮ್ಮ ಅತ್ತೆ ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಎಂದು ನಿಶ್ಚಯವಾಯಿತು. ಒಂಬತ್ತಕ್ಕೆ ಗೇಟಿನ ಎದುರು ಒಂದು ಟ್ರ್ಯಾಕ್ಸ್ ಗಾಡಿ ಬಂದು ನಿಂತಿತು. ಹುನ್ನೂರಿನಿಂದ ಅತ್ತೆಯ ತಮ್ಮಂದಿರು, ಚಿಕ್ಕಪಡಸಲಗಿಯಿಂದ ಬೀಗರು, ಮುಧೋಳದಿಂದ ನಾದಿನಿ ಶಶಿಕಲಾ, ಎಲ್ಲ ಸೇರಿ ಹದಿನಾಲ್ಕು ಜನ, ಜೊತೆಗೆ ಎರಡು ಬುಟ್ಟಿ ಕಟಕ ರೊಟ್ಟಿ. "ನಮ್ಮ ಸುಮಿತ್ರಾನ ಇಲ್ಲಿ ದೊಡ್ಡಾಕಿ. ನಮ್ಮನ್ನ ಯಾರು ತಡೀತಾರು?" ಎಂದು ನನ್ನ ಗಂಡನ ಹಿರಿಯ ಸೋದರಮಾವ ಸಂಗಪ್ಪನವರಿಗೆ ಕೇಳಿಸುವಂತೆಯೇ ಹೇಳಿದರು.

ಮನೆಯವರಿಗಾಗಿ ನಿಯಮ ಮುರಿದಳೆಂದು ನಾಳೆ ಯಾರೂ ಅನ್ನಬಾರದೆಂದು, ಒಳಗಿದ್ದ ನಾನೇ ಹೊರಗೆ ಬಂದೆ. ಇದ್ದೊಂದು ಹಳದಿ ಪಾಸನ್ನು ಶಶಿಕಲಾಳ ಹೆಸರಿಗೇ ಬರೆದು ಅವಳ ಕೈಗೆ ಕೊಟ್ಟೆ. ಮಗಳಲ್ಲವೇ? ಅವಳು ಒಳಗೆ ಹೋದಳು. ಉಳಿದವರು ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಜಮಖಾನ ಹಾಸಿದರು. ನನ್ನ ಗಂಡ ಆಗಲೇ ಅಲ್ಲಿದ್ದರು. ಅವರಿಗೆ ಸ್ಪಿರಿಟ್ ವಾಸನೆಗೆ ತಲೆ ತಿರುಗುತ್ತದೆ. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದೇ ಹೊರಗೆ ಬಂದು ಮಲಗಿಬಿಟ್ಟಿದ್ದರು. "ಸಾಲಿ ಕಲತ್ರ ಮನಷಾ ಹಿಂಗ ಆಕ್ಕಾನ ನೋಡ್ರಿ" ಎಂದು ಬೀಗಿತ್ತಿ ರೊಟ್ಟಿ ಮುರಿಯುತ್ತ ಮರಕ್ಕೆ ಹೇಳಿದರು. ನಾನು ಮರದ ಪಕ್ಕದಲ್ಲೇ ಇದ್ದೆ.

ಹತ್ತಕ್ಕೆ ಐದು ನಿಮಿಷವಿದ್ದಾಗ ನರ್ಸ್ ಓಡಿಬಂದಳು. "ಅಕ್ಕಾರ, ಲಗೂನ ಬರ್ರಿ. ನಿಮ್ಮತ್ತಿ ಥೇಟರಿಗೆ ಬರಾಕ ಒಲ್ಲೆ ಅನ್ನಾಕತ್ತಾರ. ಸೊಸಿ ಬರೂತನಕಾ ಯಾರೂ ನನ್ನ ಮುಟ್ಟಬ್ಯಾಡ್ರಿ ಅಂತ ಕುಂತಾರ!"

ನಾನು ಗೇಟಿಗೆ ಓಡಿದೆ. ಸಂಗಪ್ಪ ಕೈ ಅಡ್ಡ ಹಿಡಿದರು.

"ಪಾಸ್ ಮೇಡಮ್ಮಾರ?"

"ಪಾಸು ನಮ್ಮ ನಾದಿನಿ ಹೆಸರಿಗೆ ಐತ್ರಿ. ನಾನು ಇಲ್ಲೀ ಸ್ಟಾಫ್ ಅಲ್ಲೇನು?"

"ರೂಲ್ ನಂಬರ್ ಏಳು, ಮೇಡಮ್ಮಾರ. ಇವತ್ತ ನೀವು ಸ್ಟಾಫ್ ಅಲ್ರಿ, ಸಂಬಂಧಿಕರು."

"ರೂಲ್ ಬರದಾಕಿ ನಾನ! ಸ್ಟಾಫ್ ಸಹಿ ಇದ್ರ ವಿಶೇಷ ಪರವಾನಗಿ ಅಂತ ಒಂಬತ್ತನೇ ರೂಲ್ ಐತಿ. ಚೀಟಿ ಕೊಡ್ರಿ, ಈಗ ಸಹಿ ಮಾಡ್ತೇನಿ."

ಸಂಗಪ್ಪ ಚೀಟಿಯ ಪುಸ್ತಕವನ್ನು ಕಂಕುಳಿಗೆ ಸೇರಿಸಿದರು. ಅವರ ಮುಖದಲ್ಲಿ ಕೆಡುಕಿರಲಿಲ್ಲ, ಕನಿಕರವೇ ಇತ್ತು. "ಸಂಬಂಧಿಕರ ಸಹಿ ನಡ್ಯಾಂಗಿಲ್ರಿ" ಎಂದರು.

ನನ್ನ ಜೀವನದಲ್ಲಿ ನಾನು ಬರೆದ ಯಾವುದನ್ನೂ ಒಬ್ಬರು ಇಷ್ಟು ಮನಸ್ಸಿಟ್ಟು ಓದಿರಲಿಲ್ಲ. ಬೇವಿನ ಮರದ ಕೆಳಗೆ ರೊಟ್ಟಿ ಮುರಿಯುವ ಸದ್ದು ನಿಂತಿತ್ತು, ಎಲ್ಲರೂ ನೋಡುತ್ತಿದ್ದರು. ನನಗೆ ನಗು ಬರಲಿಲ್ಲ, ಅಳು ಬಂತು. ಒಳಗೆ ಆ ಮುದುಕಿ ಮುರಿದ ಕಾಲು ಇಟ್ಟುಕೊಂಡು ಮಗನನ್ನಲ್ಲ, ಮಗಳನ್ನಲ್ಲ, ನನ್ನನ್ನು ಕೇಳುತ್ತಿದ್ದರು. ನಾನು ಹೊರಗೆ ನನ್ನದೇ ಅಕ್ಷರಗಳ ಮುಂದೆ ನಿಂತಿದ್ದೆ. ನರ್ಸ್ ಮತ್ತೆ ಒಳಗೆ ಓಡಿ ಸುದ್ದಿ ಮುಟ್ಟಿಸಿದಳು.

ಆಮೇಲೆ ಒಳಗಿನಿಂದ ಆ ಮೂವತ್ತರ ದನಿ ಕೇಳಿಸಿತು. "ಆಕಿಗೆ ಒಳಗ ಬರಾಕ ಬರಂಗಿಲ್ಲಂದ್ರ ನನ್ನ ಹೊರಗ ಒಯ್ರಿ! ಪೇಶಂಟ್ ಹೊರಗ ಹೋಗಬಾರದಂತ ಏನರ ಬರದಾಳೇನು?"

ಬರೆದಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಎರಡು ನಿಮಿಷದಲ್ಲಿ ಸ್ಟ್ರೆಚರ್ ಗಡಗಡ ಸದ್ದು ಮಾಡುತ್ತ ಗೇಟಿಗೆ ಬಂತು. ಅತ್ತೆ ಹಸಿರು ನಿಲುವಂಗಿಯಲ್ಲಿ ಅದರ ಮೇಲೆ ಮಲಗಿದ್ದರು, ಹಿಂದೆ ಶಶಿಕಲಾ ಹಳದಿ ಪಾಸನ್ನು ಆರತಿ ತಟ್ಟೆಯಂತೆ ಹಿಡಿದುಕೊಂಡು ಬರುತ್ತಿದ್ದಳು. ಹದಿಮೂರೂ ಜನ ಜಮಖಾನ ಬಿಟ್ಟು ಎದ್ದು ಬಂದು ಸುತ್ತುವರಿದರು. ಅತ್ತೆ ಯಾರನ್ನೂ ನೋಡಲಿಲ್ಲ. ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದರು. ಅವರ ಅಂಗೈ ತಣ್ಣಗಿತ್ತು. ಕಿವಿಯಲ್ಲಿ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ, "ನನಗ ಅಂಜಿಕಿ ಬರಾಕತ್ತೈತಿ ಬೇ. ಉಳಿದವ್ರು ಎಲ್ಲಾರೂ ಅಳತಾರ. ನಿನಗ ಅಲ್ಲಿದೆಲ್ಲಾ ಗೊತ್ತೈತಿ. ನೀ ಬಾಗಲದಾಗ ನಿಂತಿರು, ಸಾಕು" ಎಂದರು.

"ನಿಂತಿರ್ತೇನ್ರಿ ಅತ್ಯಾರ" ಎಂದೆ. ಹೇಗೆ ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸಂಗಪ್ಪ ಆಕಾಶ ನೋಡುತ್ತ ಗಂಟಲು ಸರಿಮಾಡಿಕೊಂಡರು. "ಸ್ಟ್ರೆಚರ್ ದೂಡಾವ್ರಿಗೆ ಪಾಸ್ ಬೇಕಂತ ಒಂಬತ್ತರೊಳಗ ಎಲ್ಲೂ ಇಲ್ರಿ" ಎಂದರು, ಯಾರಿಗೂ ಅಲ್ಲದಂತೆ.

ನಾನು ಸ್ಟ್ರೆಚರಿನ ಹಿಡಿ ಹಿಡಿದೆ. ನನ್ನ ಪಕ್ಕದಲ್ಲಿ ಹಿರಿಯ ಸೋದರಮಾವನ ಕೈ ಬಂತು. ಅದರ ಪಕ್ಕದಲ್ಲಿ ಬೀಗಿತ್ತಿಯದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹುನ್ನೂರು, ಮುಧೋಳ, ಚಿಕ್ಕಪಡಸಲಗಿ ಎಲ್ಲ ಸ್ಟ್ರೆಚರಿಗೆ ಕೈಹಚ್ಚಿದ್ದವು. ಸ್ಪಿರಿಟ್ ವಾಸನೆಗೆ ಹೆದರುವ ನನ್ನ ಗಂಡ ಕೂಡ ಮೂಗಿಗೆ ಟವೆಲ್ ಒತ್ತಿ, ಒಂದು ಬೆರಳನ್ನು ಮಾತ್ರ ಚಕ್ರದ ಮೇಲಿನ ಕಂಬಿಗೆ ತಾಗಿಸಿದ್ದರು. ಕೈ ಹಚ್ಚಲು ಜಾಗ ಸಿಗದ ಒಬ್ಬರು ರೊಟ್ಟಿ ಬುಟ್ಟಿಯನ್ನು ಅತ್ತೆಯ ಕಾಲಿನ ಕಡೆ ಇಟ್ಟು ಅದನ್ನು ಹಿಡಿದುಕೊಂಡರು. ಹಾಗೆ ಆ ಮೆರವಣಿಗೆ ಗೇಟು ದಾಟಿತು. ಸಂಗಪ್ಪ ಅಟೆನ್ಷನ್‌ನಲ್ಲಿ ನಿಂತಿದ್ದರು. ಪೇಶಂಟ್ ಎಲ್ಲಿ ಹೋದರೆಂದು ಹುಡುಕುತ್ತ ಥೇಟರಿನಿಂದ ಹೊರಬಂದ ಡಾಕ್ಟರು, ತಮ್ಮೆಡೆಗೆ ಬರುತ್ತಿದ್ದ ಆ ಜನಸ್ತೋಮವನ್ನು ಕಂಡು, ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ನಾನು ಎರಡು ತಾಸು ಥೇಟರಿನ ಬಾಗಿಲಲ್ಲೇ ನಿಂತೆ. ಎಲುಬಿಗೆ ರಾಡು ಕೂತಿತು. ಎಚ್ಚರವಾದ ಮೇಲೆ ಅತ್ತೆ ಮೊದಲು ಕೇಳಿದ್ದು, ರೊಟ್ಟಿ ಬುಟ್ಟಿ ಎಲ್ಲಿ ಎಂದು.

ಪ್ರಾಜೆಕ್ಟಿನಲ್ಲಿ ಆ ದಿನದ ಬಗ್ಗೆ ನಾನು 'ಸಣ್ಣಪುಟ್ಟ ಅಡಚಣೆಗಳು' ಎಂದಷ್ಟೇ ಬರೆದೆ. ಪರೀಕ್ಷಕರು ಏಳನೆಯ ನಿಯಮವನ್ನು ಮೆಚ್ಚಿ, "ಇದು ಕಾರ್ಯರೂಪಕ್ಕೆ ಬಂದಿದೆಯೇ?" ಎಂದು ಕೇಳಿದರು. "ಪೂರ್ತಿಯಾಗಿ ಬಂದಿದೆ ಸರ್" ಎಂದೆ. ಸುಳ್ಳೇನಲ್ಲ. ಒಳ್ಳೆಯ ದರ್ಜೆಯಲ್ಲಿ ಪಾಸಾದೆ. ಈಗ ಮೇಲಿನ ಮಜಲಿಯಲ್ಲಿ ನನಗೊಂದು ಕೋಣೆ, ಬಾಗಿಲಿಗೆ ಹೆಸರಿನ ಫಲಕ. ಏಳನೆಯ ನಿಯಮವನ್ನು 'ಪುನರ್ ಪರಿಶೀಲನೆ'ಯಲ್ಲಿ ಇಟ್ಟಿದ್ದೇನೆ. ತೆಗೆದುಹಾಕಲು ಧೈರ್ಯವಿಲ್ಲದ್ದನ್ನು ಇಡುವ ಜಾಗ ಅದೆಂದು ಓದಿನಿಂದ ಕಲಿತಿದ್ದೇನೆ.

ಮೊನ್ನೆ ಓಣಿಯ ಹೆಂಗಸೊಬ್ಬರು ಮನೆಗೆ ಬಂದು, ವಾಕರ್ ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ ಅತ್ತೆಗೆ, "ನಮ್ಮ ಯಜಮಾನ್ರನ್ನ ನಿಮ್ಮ ಸೊಸಿ ದವಾಖಾನ್ಯಾಗ ಇಟ್ಟೇವ್ರಿ. ನೋಡಾಕ ಊರಿಂದ ನಾಕ ಮಂದಿ ಬರ್ತಾರ. ಮ್ಯಾನೇಜರ್ ಬಾಯೇರಿಗೆ ಒಂದ ಮಾತ ಹೇಳ್ರಿ" ಎಂದು ಕೇಳಿಕೊಂಡರು.

"ಆಕಿಗೇನ ಕೇಳ್ತಿಯವ್ವ, ಆಕಿ ಕೈಯಾಗ ಏನೂ ಇಲ್ಲ" ಎಂದರು ಅತ್ತೆ. "ಗೇಟಿನ್ಯಾಗ ಸಂಗಪ್ಪ ಅಂತ ಅದಾನ. ಅವಗ ಕೇಳು."

ಅಡುಗೆಮನೆಯಲ್ಲಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಸರ್ಟಿಫಿಕೇಟು ಪಡೆದ ಆಡಳಿತಾಧಿಕಾರಿಯ ಬಗ್ಗೆ ಆಡುವ ಮಾತೇ ಇದು? ಹೊರಗೆ ಹೋಗಿ ಎರಡು ಮಾತು ಹೇಳಿಯೇಬಿಡೋಣವೆಂದು ಬಾಗಿಲತನಕ ಬಂದೆ. ಆಮೇಲೆ ಸುಮ್ಮನೆ ಹಿಂದಿರುಗಿ ಚಹಾಕ್ಕೆ ಇಟ್ಟೆ. ಮರುದಿನ ನನ್ನ ತವರಿನ ಚಿಕ್ಕಮ್ಮ ಅಡ್ಮಿಟ್ ಆಗುವವಳಿದ್ದಳು. ಜೊತೆಗೆ ಆರು ಜನ. ಆ ಬಗ್ಗೆ ಅವತ್ತು ಬೆಳಿಗ್ಗೆಯೇ ನಾನೂ ಸಂಗಪ್ಪನವರಿಗೆ ಫೋನು ಮಾಡಿ, "ಹೆಂಗರ ಮಾಡಿ ಸ್ವಲ್ಪ ನೋಡ್ರಿ" ಎಂದು ಕೇಳಿಕೊಂಡಿದ್ದೆ.