ಅಟ್ಟದ ಕೋಣೆಯ ಅತಿಥಿ

ನಿನ್ನೆ ಸಂಜೆ ಅಟ್ಟದ ಕೋಣೆಗೆ ಹತ್ತಿಹೋದ ಅತಿಥಿ ಫೆನ್ನಾ ಬೆಳಿಗ್ಗೆ ಇಳಿಯಲು ಒಪ್ಪಲಿಲ್ಲ. ಲುಬ್ಬರ್ಟನ ಗೋಳು ಶುರುವಾದದ್ದೇ ಅಲ್ಲಿಂದ.

ತಪ್ಪು ಅವಳದ್ದಲ್ಲ ಬಿಡಿ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಹಳೇ ಮನೆಗಳ ಮೆಟ್ಟಿಲಿಗೂ ಏಣಿಗೂ ಹೆಸರಿನಲ್ಲಷ್ಟೇ ವ್ಯತ್ಯಾಸ. ಮನೆಯ ಯಜಮಾನ ಲುಬ್ಬರ್ಟ್ ಅದನ್ನೇ 'ಮುತ್ತಜ್ಜಂದಿರ ಕಾಲದ ಅಪೂರ್ವ ಮೆಟ್ಟಿಲು' ಎಂದು ಜಾಹೀರಾತು ಕೊಟ್ಟು, ಹಾಸಿಗೆ, ತಿಂಡಿಯ ಜೊತೆ ಸೇರಿಸಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಮಾರುತ್ತಿದ್ದ. ತಾನು ಮಾತ್ರ ಕೆಳಗೇ ಮಲಗುತ್ತಿದ್ದ. ಗುಡಿಸುವುದಕ್ಕೆ ಕೆಲಸದವಳಿದ್ದಳು, ಅವನು ಅಟ್ಟ ಕಂಡು ವರ್ಷಗಳೇ ಆಗಿದ್ದವು. ಮಧ್ಯಾಹ್ನ ಅದೇ ಕೋಣೆಗೆ ಬೇರೆ ದಂಪತಿ ಬರುವವರಿದ್ದರು. ಕೋಣೆ ಖಾಲಿಯಿಲ್ಲವೆಂದರೆ ಇಂಟರ್ನೆಟ್ಟಿನಲ್ಲಿ ಅವನ ಮಾನ ಹರಾಜು.

"ಇಳೀರಮ್ಮಾ, ಏನೂ ಆಗಲ್ಲ!"

"ನಮ್ಮೂರಲ್ಲಿ ಕೋಳಿಗೂ ಇದಕ್ಕಿಂತ ಒಳ್ಳೇ ಏಣಿ ಇಟ್ಟಿರ್ತಾರೆ ಕಣ್ರೀ. ನಾನಿಳಿಯಲ್ಲ!"

ಗದ್ದಲ ಕೇಳಿ ಎದುರಿನ ದೋಣಿಮನೆಯ ವೀಬೆ ಬಂದ. ಪಕ್ಕದ ಮನೆಯ ಗ್ರೇ ಅಜ್ಜಿ ಕಾಫಿ ಲೋಟದ ಸಮೇತ ಹಾಜರಾದಳು.

"ಪಿಯಾನೋ ಇಳಿಸೋ ಹಾಗೆ ಕಿಟಕಿಯಿಂದ ಇಳಿಸಿಬಿಡೋಣ," ಎಂದ ವೀಬೆ. ಬೀದಿಯ ಎಲ್ಲ ಮನೆಗಳಂತೆ ಇದರ ನೆತ್ತಿಯಲ್ಲೂ ಸಾಮಾನು ಎತ್ತುವ ತೊಲೆ, ಕೊಕ್ಕೆ ಇದ್ದವು. "ಮೇಲೆ ಹೋಗಿ ಹಗ್ಗ ಹಾಕೋರು ಯಾರು?"

"ಇನ್ಯಾರು? ಯಜಮಾನ್ರೇ!" ಎಂದಳು ಅಜ್ಜಿ.

"ನನಗೆ ಮಂಡಿ ನೋವು…"

"ಜಾಹೀರಾತು ಬರೆಯುವಾಗ ನೋಯಲಿಲ್ವೇನೋ?"

ಲುಬ್ಬರ್ಟ್ ಕಣ್ಣುಮುಚ್ಚಿಕೊಂಡು, ಅಂಬೆಗಾಲಿಡುತ್ತ ಹತ್ತಿದ. ತೊಲೆಯ ಕೊಕ್ಕೆಗೆ ಹಗ್ಗ ಹಾಯಿಸಿ, ಒಂದು ತುದಿ ವೀಬೆಗೆ ಎಸೆದು, ಇನ್ನೊಂದನ್ನು ಕುರ್ಚಿಗೆ ಬಿಗಿದು ಫೆನ್ನಾಳನ್ನು ಕೂರಿಸಿ ಕಿಟಕಿಯಾಚೆ ದೂಡಿದ. ಕೆಳಗಿಂದ ವೀಬೆ ಹಗ್ಗ ಸಡಿಲಿಸುತ್ತ ಬಂದ. ಅವಳು ಮಹಾರಾಣಿಯಂತೆ ಕೈಬೀಸುತ್ತ ಇಳಿದಳು, ಕಾಲುವೆಯ ಪ್ರವಾಸಿ ದೋಣಿಯವರು ಚಪ್ಪಾಳೆ ತಟ್ಟಿದರು. ಅವಳು ಎದ್ದು ಪಕ್ಕಕ್ಕೆ ಸರಿದದ್ದೇ ತಡ, ತೊಲೆ ಲಟಕ್ಕನೆ ಮುರಿದುಬಿದ್ದು ಕುರ್ಚಿ ಪುಡಿಪುಡಿಯಾಯಿತು.

ಲುಬ್ಬರ್ಟ್ ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿದ. ತಲೆ ಗಿರ್ರೆಂದಿತು. ಹೆದರಿ ಮತ್ತೆ ಕಿಟಕಿಗೇ ಓಡಿದ.

"ವೀಬೆ, ಬೇರೆ ತೊಲೆ ಹಾಕೋ ಮಾರಾಯಾ!"

"ಇದು ಸಂರಕ್ಷಿತ ಕಟ್ಟಡ ಕಣಯ್ಯಾ. ಅನುಮತಿ ಇಲ್ಲದೆ ಮೊಳೆ ಹೊಡೆದ್ರೂ ದಂಡ. ಅರ್ಜಿ ಹಾಕು, ಕ್ರಿಸ್‌ಮಸ್ಸಿಗೆ ಸಿಕ್ಕರೂ ಸಿಗಬಹುದು."

ಅಷ್ಟರಲ್ಲಿ ಹೊಸ ದಂಪತಿ ಪೆಟ್ಟಿಗೆ ಎಳೆದುಕೊಂಡು ಬಂದರು. ಬಾಗಿಲಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಫೆನ್ನಾಳೇ ಅವರನ್ನು ಎದುರುಗೊಂಡಳು. "ಮೇಲಿನ ಕೋಣೆಯಲ್ಲಿ ಒಬ್ಬರಿದ್ದಾರೆ, ಇಳಿಯೋ ಹಾಗೆ ಕಾಣಲ್ಲ. ಕೆಳಗೊಂದು ಕೋಣೆ ಖಾಲಿ ಇದೆ, ಬನ್ನಿ."

"ಅಯ್ಯೋ, ಅದು ನನ್ನ ಕೋಣೆ! ನನ್ನ ಹಾಸಿಗೆ!" ಮೇಲಿನಿಂದ ಲುಬ್ಬರ್ಟ್ ಬಡಕೊಂಡ.

ಹೊಸಬಳು ಒಳಗೆ ಹೋಗಿ ಹಾಸಿಗೆ ಒತ್ತಿ ನೋಡಿ, ಖುಷಿಯಾಗಿ ಹೊರಬಂದಳು.

"ನಮಗಿದೇ ಇರಲಿ, ಒಂದು ವಾರ ಇರ್ತೀವಿ. ಆ ಮೇಲಿನ ಅತಿಥಿಗೆ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳ್ತೀರಾ?"