ಇಲ್ಲ ಎನ್ನಲು ಹೆದರಿ ಹಡಗು ಹತ್ತಿದ್ದು

ಸಾಹಸ ಮಾಡುವವರಿಗೆಲ್ಲ ಧೈರ್ಯ ಇರುತ್ತದೆ ಎಂದು ಜನ ನಂಬಿದ್ದಾರೆ. ನನ್ನ ಅನುಭವ ಬೇರೆ. ನಾನು ಈವರೆಗೆ ಮಾಡಿದ ಒಂದೇ ಒಂದು ಸಾಹಸ ಶುರುವಾದದ್ದು, ಎದುರಿಗಿದ್ದವರಿಗೆ ‘ಇಲ್ಲ’ ಎನ್ನಲು ಹೆದರಿ. ಹಲ್ಲಿ, ಗುಡುಗು, ಫೋನಿನಲ್ಲಿ ಬರುವ ಗೊತ್ತಿಲ್ಲದ ನಂಬರು, ಎಲ್ಲಕ್ಕೂ ಹೆದರುವವಳು ನಾನು. ನೀರಿನ ವಿಷಯವನ್ನಂತೂ ಕೇಳಲೇಬೇಡಿ. ನಮ್ಮ ಹೊಲದ ಪಕ್ಕದ ಕಾಲುವೆಯನ್ನು ದಾಟುವಾಗ ಇವತ್ತಿಗೂ ಸೇತುವೆಯ ನಟ್ಟನಡುವೆಯೇ ನಡೆಯುತ್ತೇನೆ, ಹಿಂದಿನಿಂದ ಟ್ರ್ಯಾಕ್ಟರಿನವನು ಎಷ್ಟೇ ಹಾರನ್ ಹೊಡೆಯಲಿ.

ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಮನೆಯವರೆಲ್ಲ ಜೋಳ, ಶುಂಠಿ ಎಂದು ಮಣ್ಣು ನಂಬಿಕೊಂಡಿದ್ದರೆ, ನಾನು ಐಟಿಐಯಲ್ಲಿ ಫಿಟ್ಟರ್ ಓದಿ, ಹತ್ತಿರದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಅಪ್ರೆಂಟಿಸ್ ಆದೆ. ಕಾಫಿ ಬೀಜದ ಸಿಪ್ಪೆ ತೆಗೆಯುವ ಮೆಷಿನ್ನುಗಳ ರಿಪೇರಿ ಕಲಿಸುತ್ತಿದ್ದವರು ನಾಪೋಕ್ಲಿನ ಮೊಯ್ದು ಮೇಸ್ತ್ರಿ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಒಳಗಿನ ಬೇರಿಂಗ್ ಸವೆದಿದೆಯೇ ಎಂದು ಕೇಳುವ ವಿದ್ಯೆ ಅವರದು. ಅದೊಂದು ನನಗೂ ಒಲಿಯಿತು. ಒಂದು ದಿನ ಹಾಗೆ ಕಿವಿಗೊಟ್ಟು ನಿಂತಿದ್ದಾಗ, ಕಾಫಿ ಲೋಡಿನ ಜೊತೆ ಬಂದಿದ್ದ ಪೊನ್ನಂಪೇಟೆ ಕಡೆಯ ತೋಟದ ಯಜಮಾನರೊಬ್ಬರು ನೋಡಿದರು. ಅವರು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದವರಂತೆ. ಫೋನ್ ತೆಗೆದು ಹಡಗಿನ ಎಂಜಿನ್ನಿನ ವಿಡಿಯೋ ತೋರಿಸಿದರು. ಮೂರಂತಸ್ತಿನ ಮನೆಯಷ್ಟು ಎತ್ತರದ ಎಂಜಿನ್ನು, ಅದರ ಸುತ್ತ ಮೆಟ್ಟಿಲು, ಮೆಟ್ಟಿಲ ಮೇಲೆ ಇರುವೆಯಂತೆ ಮನುಷ್ಯರು.

“ಇಂಥದ್ರಲ್ಲಿ ಕೆಲ್ಸ ಮಾಡ್ತೀಯೇನಮ್ಮ?” ಎಂದರು.

“ಹೂಂ ಸರ್” ಎಂದೆ. ದೊಡ್ಡವರು ಕೇಳುವಾಗ ಇಲ್ಲ ಎನ್ನುವುದು ಹೇಗೆ? ಒಂದೇ ವಾರದಲ್ಲಿ ಹಡಗಿನ ಕೆಲಸದ ತರಬೇತಿಯ ಅರ್ಜಿ ನಮೂನೆ ಕೈಗೆ ಬಂತು. ಆದರೆ ಪೂರ್ತಿ ತಪ್ಪನ್ನು ಅವರ ಮೇಲೆ ಹೊರಿಸಬಾರದು. ಆ ವಿಡಿಯೋ ನನಗೂ ಕಳಿಸಿ ಸರ್ ಎಂದು ಕೇಳಿದವಳು ನಾನೇ. ಎಷ್ಟು ಸಲ ನೋಡಿದೆನೋ, ಲೆಕ್ಕವಿಲ್ಲ.

ಸೀಟು ಸಿಕ್ಕಿತು. ಅಪ್ರೆಂಟಿಸ್ ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ತರಬೇತಿಯೋ ಮುಂದಿನ ತಿಂಗಳಿಗೇ ಶುರು. ಈಗ ಬಿಟ್ಟರೆ ಇಲ್ಲಿನ ಸರ್ಟಿಫಿಕೇಟ್ ಇಲ್ಲ, ಅಲ್ಲಿ ಫೇಲಾದರೆ ಅದೂ ಇಲ್ಲ. ಮೇಸ್ತ್ರಿಗೆ ಹೇಳಲು ಮೂರು ದಿನ ಅವರ ಹಿಂದೆ ಮುಂದೆ ಸುಳಿದಾಡಿದೆ. ಅವರ ಮಾತಿನಲ್ಲಿ ಮೋಳೆ ಎಂದರೆ ಮಗಳು. ನಾಲ್ಕನೆಯ ದಿನ ಅವರೇ, “ಎಂತ ಮೋಳೆ, ಕೈ ಎಲ್ಲಾದ್ರೂ ಕೊಟ್ಟಿದ್ದೀಯಾ ಮೆಷಿನ್‌ಗೆ?” ಎಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ಕೈಯ ಗ್ರೀಸ್ ಒರೆಸಿಕೊಂಡರು.

“ಈಜು ಬರ್ತದಾ ನಿಂಗೆ?”

“ಇಲ್ಲ ಮೇಸ್ತ್ರಿ.”

“ಅಲ್ಲಿ ಏನಾದ್ರೂ ಕೆಟ್ರೆ ಅಂಗಡಿಗೆ ಹೋಗಿ ಪಾರ್ಟ್ ತರ್ಲಿಕ್ಕೆ ಆಗುದಿಲ್ಲ, ಗೊತ್ತುಂಟಲ್ಲ?” ಎಂದರು. “ನೀ ಹೋದ್ಮೇಲೆ ಈ ಜಾಗಕ್ಕೆ ಬೇರೆಯವ್ರು ಬರ್ತಾರೆ. ವಾಪಸ್ ಬರ್ಲಿಕ್ಕೆ ಅಂತ ಹೋಗ್ಬೇಡ” ಎಂದು ಮೆಷಿನ್ನಿನ ಕಡೆ ತಿರುಗಿದರು.

ಅವ್ವನ ಚಿಂತೆ ಬೇರೆ. “ಮಡಿಕೇರಿ ಬಸ್ಸಲ್ಲೇ ವಾಂತಿ ಮಾಡ್ಕೊತೀಯ. ಸಮುದ್ರದಲ್ಲಿ ನಿಂಬೆಹಣ್ಣು ಯಾರವ್ವ ಕೊಡ್ತಾರೆ?” ಎಂದಳು. ಅಪ್ಪ ಒಂದು ಚೀಲ ನಿಂಬೆಹಣ್ಣು ತಂದಿಟ್ಟ.

ತರಬೇತಿಯಲ್ಲಿ ನನ್ನ ಜೀವ ಹಿಂಡಿದ್ದು ಒಂದೇ ಒಂದು ಪರೀಕ್ಷೆ. ಲೈಫ್ ಜಾಕೆಟ್ ತೊಟ್ಟು, ಎತ್ತರದ ಕಟ್ಟೆಯಿಂದ ಈಜುಕೊಳಕ್ಕೆ ಹಾರಬೇಕು. ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಜಾಕೆಟ್ ಹಿಡಿದು, ನೇರ ಮುಂದೆ ನೋಡುತ್ತಾ ಹೆಜ್ಜೆ ಇಟ್ಟರೆ ಆಯಿತು, ಮಿಕ್ಕದ್ದನ್ನು ಭೂಮಿ ನೋಡಿಕೊಳ್ಳುತ್ತದೆ ಎಂದಿದ್ದರು. ನಾನು ಮೂರು ಸಲ ಹತ್ತಿ ಮೂರು ಸಲ ಇಳಿದೆ. ತರಬೇತುದಾರರು ಒಳ್ಳೆಯವರು. “ಬೇಡ ಅನ್ನಿಸಿದರೆ ಒಂದು ಕಾಗದದಲ್ಲಿ ಬರೆದುಕೊಡು, ಇದರಲ್ಲಿ ನಾಚಿಕೆಯೇನಿಲ್ಲ” ಎಂದು ಮೃದುವಾಗಿ ಹೇಳಿದರು. ಬೈದಿದ್ದರೆ ಅಳುತ್ತಾ ಬರೆದುಕೊಟ್ಟುಬಿಡುತ್ತಿದ್ದೆನೋ ಏನೋ. ಆದರೆ ಬರೆದುಕೊಟ್ಟು ಹೋಗುವುದು ಎಲ್ಲಿಗೆ? ಮೆಷಿನ್ನಿನ ಪಕ್ಕದ ನನ್ನ ಜಾಗದಲ್ಲಿ ಆಗಲೇ ಬೇರೆ ಯಾರೋ ನಿಂತಿದ್ದರು. ನಾಲ್ಕನೆಯ ಸಲ ಹತ್ತಿದೆ. ಹಾರಿದೆನೋ ಜಾರಿದೆನೋ ಇಂದಿಗೂ ಗೊತ್ತಿಲ್ಲ. ಕಿವಿಯೊಳಗೆಲ್ಲ ನೀರು, ಕತ್ತಲೆ, ಸತ್ತೆ ಎಂಬ ಖಚಿತ ನಂಬಿಕೆ. ಮರುಕ್ಷಣ ಜಾಕೆಟ್ಟು ನನ್ನನ್ನು ಬೆಂಡಿನ ಹಾಗೆ ಮೇಲಕ್ಕೆ ಎಸೆಯಿತು. ನಾನು “ಅವ್ವಾ” ಎಂದು ಕೂಗಿದ್ದು ಹಾಸ್ಟೆಲ್ಲಿನವರೆಗೂ ಕೇಳಿಸಿತಂತೆ. ತರಬೇತುದಾರರು ಪಾಸು ಎಂದು ಗುರುತು ಹಾಕಿಕೊಂಡರು.

ಮೊದಲ ಹಡಗಿನಲ್ಲಿ ಹನ್ನೊಂದನೆಯ ದಿನ ಸಮುದ್ರ ಕೆಟ್ಟಿತು. ಎಂಜಿನ್ ರೂಮಿನಲ್ಲಿ ಬಕೆಟ್ಟು ಈ ಗೋಡೆಯಿಂದ ಆ ಗೋಡೆಗೆ ತಾನೇ ಓಡಾಡುತ್ತಿತ್ತು. ನಾನು ಕಂಬಿ ತಬ್ಬಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿದ್ದೆ. ಆಗ, ಅಷ್ಟು ಸದ್ದಿನ ನಡುವೆ, ಪಕ್ಕದ ಪಂಪಿನಿಂದ ಕೊರಕೊರ ಎಂಬ ಸಣ್ಣ ದನಿ ಕೇಳಿಸಿತು. ಸವೆದ ಬೇರಿಂಗ್. ಹೇಳೋಣವೆಂದರೆ ಹೆದರಿಕೆ, ಹೊಸಬಳು, ತಪ್ಪಾಗಿದ್ದರೆ ಎಲ್ಲರೂ ನಗುತ್ತಾರೆ. ಹೇಳದಿದ್ದರೆ ಪಂಪು ಹೋಗುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಕಂಬಿಯಿಂದ ಕಂಬಿಗೆ ತೆವಳಿ ಸೆಕೆಂಡ್ ಎಂಜಿನಿಯರ್ ಹತ್ತಿರ ಹೋಗಿ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವರು ಬಂದು ಕಿವಿಗೊಟ್ಟರು, ಇನ್ನೊಂದು ಪಂಪನ್ನು ಚಾಲೂ ಮಾಡಿಸಿ ಇದನ್ನು ನಿಲ್ಲಿಸಿದರು. ಮರುದಿನ ಬಿಚ್ಚಿ ನೋಡಿದಾಗ ಬೇರಿಂಗಿನ ಗುಂಡುಗಳು ಚಕ್ಕೆ ಎದ್ದು ಒರಟಾಗಿದ್ದವು. ಅವರು ನಗಲಿಲ್ಲ. “ನಾಳೆಯಿಂದ ಎಲ್ಲ ಪಂಪುಗಳನ್ನು ಸುತ್ತಿ ಕಿವಿಗೊಟ್ಟು ನೋಡುವ ಕೆಲಸ ನಿನ್ನದು” ಎಂದರು. ಆ ದಿನ ಮೊದಲ ಬಾರಿಗೆ ಊಟ ಹೊಟ್ಟೆಯಲ್ಲಿ ನಿಂತಿತು.

ರಜೆಗೆ ಬಂದಾಗ ಕ್ಯೂರಿಂಗ್ ವರ್ಕ್ಸಿಗೆ ಹೋದೆ. ಮೇಸ್ತ್ರಿ ಸ್ಟೂಲು ಎಳೆದು ಕೂರಿಸಿ, ಟೀ ತರಿಸಿ, “ಈಗ ಹೇಳು ಮೋಳೆ, ಸಮುದ್ರ ಹೇಗುಂಟು?” ಎಂದು ಕೇಳಿದರು. ಕೆಲಸ ನಿಲ್ಲಿಸಿ ಎಲ್ಲರೂ ಸುತ್ತ ನಿಂತರು.

ನಾನು ಪೇಚಿಗೆ ಸಿಕ್ಕಿದೆ. ಎಂಜಿನ್ ರೂಮು ಇರುವುದು ಹಡಗಿನ ತಳದಲ್ಲಿ, ಅಲ್ಲಿಗೆ ಕಿಟಕಿಯಿಲ್ಲ. ಕೆಲಸ ಮುಗಿದ ಮೇಲೆ ಉಳಿದವರು ಡೆಕ್ಕಿಗೆ ಹೋಗುತ್ತಿದ್ದರು, ನಾನು ಹೋದರೂ ಕಾಲಡಿಯ ಕಬ್ಬಿಣವನ್ನೇ ನೋಡುತ್ತಾ ಹೋಗಿ ಹಾಗೇ ಬರುತ್ತಿದ್ದೆ. ಒಂಬತ್ತು ತಿಂಗಳು ಸಮುದ್ರದ ಮೇಲಿದ್ದು, ಅದನ್ನು ಕಣ್ಣೆತ್ತಿ ನೋಡಲು ನನಗೆ ಧೈರ್ಯ ಬಂದಿರಲಿಲ್ಲ.

“ನೀಲಿ ಇದೆ ಮೇಸ್ತ್ರಿ, ತುಂಬಾ ದೊಡ್ಡದು” ಎಂದೆ. ಹಡಗಿನಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು, ನಿಜವೇ ಇರಬೇಕು.