ಅಜ್ಜಿಯ ಹಲ್ಲುಸಂದಿಯ ದಾರಗಳು

ನನ್ನ ಅಕ್ಷರ ಗೆರೆ ಬಿಟ್ಟು ಕೆಳಗಿಳಿಯುತ್ತದೆ, ಪದಗಳೂ ನನ್ನಲ್ಲಿ ಕಡಿಮೆ, ಓದುವವರು ಸೈರಿಸಿಕೊಳ್ಳಬೇಕು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೆ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತೇನೆಂದು ಗುಬ್ಬಿಯ ನಮ್ಮ ಬೀದಿಯಲ್ಲಿ ಹೆಸರಿದೆ. ಆ ಅಚ್ಚುಕಟ್ಟೇ ನನ್ನ ಮಾನ ಕಳೆಯಿತು.

ನಮ್ಮಜ್ಜಿ ಅಲಮೇಲಮ್ಮನವರಿಗೆ ಅರವತ್ತೆಂಟು ವರ್ಷ, ಬಾಯಲ್ಲಿ ಇಪ್ಪತ್ತಾರು ಸ್ವಂತ ಹಲ್ಲು. ಅವರು ಕೋಡುಬಳೆ ಕಡಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಊಟವಾದ ಮೇಲೆ ಬಳೆಗೆ ಸಿಕ್ಕಿಸಿದ ಪಿನ್ನು ತೆಗೆದು ಹಲ್ಲುಸಂದಿ ಕೆದಕುವುದು ಅವರ ನಿತ್ಯಕರ್ಮ. ಒಸಡು ಊದಿ, ರಕ್ತ ಬಂದು, ಒಂದು ದವಡೆ ಹಲ್ಲು ಅಲ್ಲಾಡತೊಡಗಿದಾಗ ಬಸ್ಸು ಹತ್ತಿ ತುಮಕೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆವು.

"ಪಿನ್ನು ಬಿಸಾಕಿ ಅಮ್ಮ. ದಿನಾ ಊಟ ಆದ್ಮೇಲೆ ಶುಭ್ರವಾದ ದಾರ ತಗೊಂಡು ಹಲ್ಲುಸಂದೀಲಿ ಮೆಲ್ಲಗೆ ಆಡಿಸಿ. ಹದಿನೈದು ದಿನ ನೋಡೋಣ. ಒಸಡು ವಾಸಿಯಾಗದಿದ್ರೆ ಆ ಹಲ್ಲು ಕೀಳಬೇಕಾಗುತ್ತೆ," ಎಂದರು ಡಾಕ್ಟರು.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಕೌಸಲ್ಯ, ನನ್ನ ಹಲ್ಲು ನಿನ್ನ ಜವಾಬ್ದಾರಿ ಕಣೇ."

ದಿನಾ ಒಂದು ಮೊಳ ಹೊಸ ದಾರ ಕತ್ತರಿಸಿ ಕೊಟ್ಟೆ, ಕನ್ನಡಿ ಹಿಡಿದೆ. "ಇದೇನೇ ಇದು, ಬಾಯೊಳಗೆ ಮಜ್ಜಿಗೆ ಕಡೆದ ಹಾಗಿದೆ," ಎಂದು ಗೊಣಗುತ್ತಲೇ ಅಜ್ಜಿ ದಾರ ಆಡಿಸಿದರು. ಬಳಸಿದ ದಾರವನ್ನು ನಾನು ಸೀಗೇಪುಡಿಯಲ್ಲಿ ತೊಳೆದು ಅಡಿಗೆಮನೆ ಬಾಗಿಲ ಮೊಳೆಗೆ ನೇತುಹಾಕುತ್ತಿದ್ದೆ. (ತಪ್ಪದೆ ಮಾಡಿದಿರಾ ಎಂದು ಡಾಕ್ಟರು ಪುರಾವೆ ಕೇಳಿದರೆ? ನಮ್ಮ ಮೇಷ್ಟ್ರು ಕಾಪಿ ಪುಸ್ತಕ ತೋರಿಸದಿದ್ದರೆ ಏನನ್ನೂ ನಂಬುತ್ತಿರಲಿಲ್ಲ.)

ಹದಿನಾರನೆಯ ದಿನ ಮತ್ತೆ ಹೋದೆವು. ದಾರಗಳನ್ನು ಎಲ್ಲರೆದುರು ತೆಗೆದು ತೋರಿಸಲು ನಾಚಿಕೆಯಾಗಿ ಮನೆಯಲ್ಲೇ ಬಿಟ್ಟಿದ್ದೆ.

"ಒಸಡು ವಾಸಿಯಾಗಿದೆ, ಹಲ್ಲೂ ಗಟ್ಟಿಯಾಗಿದೆ. ಕೀಳೋದು ಬೇಡ," ಎಂದರು ಡಾಕ್ಟರು. "ಒಂದು ದಿನಾನೂ ತಪ್ಪಿಸಿಲ್ಲ ಅಲ್ವಾ?"

ನಾನು ನೆಲ ನೋಡುತ್ತ, "ಇಲ್ಲ ಸಾರ್. ಹದಿನೈದು ದಾರಾನೂ ತೊಳೆದು ಮೊಳೆಗೆ ಹಾಕಿದೀನಿ," ಎಂದೆ.

ಡಾಕ್ಟರು ಹೇಳದೆಯೇ ಅಜ್ಜಿಯ ಬಾಯಿ ತೆರೆಯಿತು. "ಯಾವ ಮೊಳೆಗೆ?"

"ಅಡಿಗೆಮನೆ ಬಾಗಿಲದು, ಅಜ್ಜಿ."

"ಬಾಳೆನಾರು ಮುಗಿದಿತ್ತು ಅಂತ ಬೆಳಿಗ್ಗೆ ಮಲ್ಲಿಗೆ ಕಟ್ಟಿದ್ದು ಅದರಲ್ಲೇ ಕಣೇ. ದೇವರ ಹೂವಿಗೆ ಕತ್ತರಿಸಿಟ್ಟಿದೀಯ ಅಂದ್ಕೊಂಡೆ. ಜಾಣೆ ಅಂತ ಮನಸ್ಸಲ್ಲೇ ಹೊಗಳಿದೆ ಬೇರೆ."

ಮನೆಯಲ್ಲಿ, ದೇವರಾಯನದುರ್ಗದಿಂದ ತಂದ ಪಟದಲ್ಲಿ, ಸಾಕ್ಷಾತ್ ಯೋಗನರಸಿಂಹಸ್ವಾಮಿ ಅಜ್ಜಿಯ ಹದಿನೈದು ದಿನದ ಎಂಜಲನ್ನು ಧರಿಸಿ ಕೂತಿದ್ದ. ಮಿಕ್ಕ ಗೇಣುದ್ದ ಹೂವು ನನ್ನ ಜಡೆಯಲ್ಲಿತ್ತು.

ವಾಪಸು ಬರುವಾಗ ಬಸ್ಸು ಮಲ್ಲಸಂದ್ರ ದಾಟುವವರೆಗೂ ಅಜ್ಜಿ ನನ್ನ ಜಡೆಯನ್ನೇ ನೋಡುತ್ತಿದ್ದರು. ಆಮೇಲೆ ನಾಲಿಗೆಯಿಂದ ದವಡೆ ಹಲ್ಲನ್ನೊಮ್ಮೆ ಸವರಿಕೊಂಡು, "ಸ್ವಾಮಿಗೆ ನಾನು ಹೇಳ್ಕೋತೀನಿ ಬಿಡು. ಹಲ್ಲು ಉಳಿಸಿದವನು ದಾರಕ್ಕೆ ಬೇಜಾರು ಮಾಡ್ಕೊಳ್ಳಲ್ಲ," ಎಂದರು.

"ಹಾಗಾದ್ರೆ ಹೂವು ಇಟ್ಕೊಂಡಿರ್ಲಾ ಅಜ್ಜಿ?"

"ನೀನೂ ಸ್ವಾಮೀನೂ ಒಂದೇ ಏನೇ? ಹೋದ ತಕ್ಷಣ ತಲೆಗೆ ನೀರು ಹಾಕ್ಕೋ. ದೇವರಮನೆ ಸಾರಿಸೋದೂ ನಿನ್ನದೇ."

ತಲೆ ಇನ್ನೂ ಒಣಗಿಲ್ಲ. ಇದನ್ನು ಮುಗಿಸಿ ದೇವರಮನೆ ಸಾರಿಸುತ್ತೇನೆ. ಊಟವಾದ ಮೇಲೆ ಅಜ್ಜಿಗೆ ಒಂದು ಮೊಳ ದಾರ ಕೊಡುತ್ತೇನೆ, ಬಳಸಿದ್ದನ್ನು ತಿಪ್ಪೆಗೆ ಎಸೆಯುತ್ತೇನೆ.